1968ರ ಅಂಬಾಸಡರ್‌ಗೆ ಇಸುಜು 1800 ಎಂಜಿನ್: ಕೆಲಸದ ದಾಖಲೆ, ತಪ್ಪುಗಳ ಸಮೇತ

ಗಾಡಿ 1968ರ ಅಂಬಾಸಡರ್ ಮಾರ್ಕ್ 2, ಆಲ್ದೂರು ಕಡೆಯ ಕಾಫಿ ತೋಟದ್ದು. ಕೆಲಸ ನಡೆದದ್ದು ಚಿಕ್ಕಮಗಳೂರಿನಲ್ಲಿ, ಮೇ 4ರಿಂದ ಸೆಪ್ಟೆಂಬರ್ ಕೊನೆಯವರೆಗೆ. ಮಳೆಗೆ, ಲೇತ್ ಕೆಲಸಕ್ಕೆ, ಕಾಗದಪತ್ರಕ್ಕೆ ಎಂದು ನಿಂತ ದಿನಗಳೇ ಹೆಚ್ಚು. ಸ್ಪ್ಯಾನರ್ ಹಿಡಿದ ದಿನಗಳನ್ನು ಮಾತ್ರ ಎಣಿಸಿದರೆ 31.

ತೆಗೆದದ್ದು 1489 ಸಿ.ಸಿ.ಯ ಬಿ.ಎಂ.ಸಿ. (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಪೆಟ್ರೋಲ್ ಎಂಜಿನ್ ಮತ್ತು ಸ್ಟೀರಿಂಗ್ ಪಕ್ಕದಲ್ಲಿ ಲಿವರ್ ಇರುವ 4 ಗೇರಿನ ಬಾಕ್ಸ್. ಹಾಕಿದ್ದು ಗುಜರಿಗೆ ಹೋದ ಅಂಬಾಸಡರ್ 1800 ಐ.ಎಸ್.ಝಡ್.ನ 1817 ಸಿ.ಸಿ. ಇಸುಜು ಪೆಟ್ರೋಲ್ ಎಂಜಿನ್, ಅದರದೇ 5 ಗೇರಿನ ಬಾಕ್ಸ್ ಸಮೇತ. ಹಳೆಯದರ ಶಕ್ತಿ ಐವತ್ತು ಚಿಲ್ಲರೆ ಅಶ್ವಶಕ್ತಿ, ಹೊಸದರದ್ದು ಎಪ್ಪತ್ತೈದರ ಆಸುಪಾಸು. ಆದರೆ ಶಕ್ತಿಗಾಗಿ ಎಂಜಿನ್ ಬದಲಿಸಿದ್ದಲ್ಲ. ಹಳೆಯ ಬ್ಲಾಕಿನಲ್ಲಿ 3 ಮತ್ತು 4ನೇ ಸಿಲಿಂಡರ್ ನಡುವೆ ಬಿರುಕು ಬಿಟ್ಟಿತ್ತು, ಆಯಿಲ್‌ಗೆ ನೀರು ಇಳಿಯುತ್ತಿತ್ತು. ಬೋರ್ (ಸಿಲಿಂಡರಿನ ಒಳವ್ಯಾಸ) ಕೊರೆಸಿ ಕೊರೆಸಿ ಆಗಲೇ 60 ತೌಗೆ (ತೌ ಎಂದರೆ ಇಂಚಿನ ಸಾವಿರದ ಒಂದು ಭಾಗ) ಹೋಗಿತ್ತು, ಎರಡು ಸಿಲಿಂಡರಿಗೆ ಸ್ಲೀವ್ ಕೂಡ ಬಿದ್ದಿತ್ತು. ಬ್ಲಾಕ್ ಚೆನ್ನಾಗಿದ್ದರೆ ಹಳೆಯದನ್ನೇ ಬೋರ್ ಹೊಡೆಸಿ ಓಡಿಸುವುದು ಸರಿಯಾದ ದಾರಿ. ಅದಕ್ಕೆ ಮೊದಲ ಕಾರಣ ಕಾನೂನು.

ಮೇ 4ಕ್ಕೆ ಮೊದಲು: ಕಾಗದ

50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಹೊಸ ನಿಯಮ ಸೇರಿದೆ. ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಎಂಬುದು ಅದರ ಷರತ್ತು. ಅಂದರೆ ಇಸುಜು ಕೂರಿಸಿದ ಮಾರ್ಕ್ 2ಕ್ಕೆ ವಿಂಟೇಜ್ ನಂಬರ್ ಸಿಗುವುದಿಲ್ಲ. ಇದನ್ನು ಗಾಡಿಯ ಯಜಮಾನರಿಗೆ ಎಂಜಿನ್ ಬಿಚ್ಚುವ ಮೊದಲೇ ಹೇಳಬೇಕು, ಆಮೇಲಲ್ಲ. ಈ ಕಾರಣಕ್ಕೇ ಒಂದು ನಿಯಮ ಹಾಕಿಕೊಂಡೆವು: ಬಾಡಿಗೆ ಏನನ್ನೂ ವೆಲ್ಡ್ ಮಾಡುವಂತಿಲ್ಲ, ಏನನ್ನೂ ಕತ್ತರಿಸುವಂತಿಲ್ಲ. ನಾಳೆ ಒಳ್ಳೆಯ ಬ್ಲಾಕ್ ಸಿಕ್ಕಿದರೆ ಹಳೆಯ ಎಂಜಿನ್ ಅದೇ ತೂತುಗಳಿಗೆ ವಾಪಸ್ ಕೂರಬೇಕು. ಒಂದು ಕಡೆ ಈ ನಿಯಮ ಮುರಿಯಿತು, ಅದು ಮುಂದೆ ಬರುತ್ತದೆ.

ಎರಡನೆಯದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಎಂಜಿನ್ ಬದಲಿಸಲು ಆರ್.ಟಿ.ಒ. ಒಪ್ಪಿಗೆ ಬೇಕು, ಆರ್.ಸಿ.ಯಲ್ಲಿ ಹೊಸ ಎಂಜಿನ್ ನಂಬರ್ ಏರಬೇಕು. ಅರ್ಜಿಯನ್ನು ಕೆಲಸಕ್ಕೆ ಮೊದಲೇ ಕೊಟ್ಟೆವು. ಜೊತೆಗೆ ಇಟ್ಟದ್ದು ಎಂಜಿನ್ ಕೊಂಡ ಬಿಲ್, ಗುಜರಿಗೆ ಹೋದ ಗಾಡಿಯ ಆರ್.ಸಿ. ರದ್ದಾದ ಪ್ರತಿ ಮತ್ತು ಎಂಜಿನ್ ನಂಬರಿನ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು. ಬಿಲ್ ಇಲ್ಲದ ಎಂಜಿನ್ ಹತ್ತು ಸಾವಿರ ಕಡಿಮೆಗೆ ಸಿಗುತ್ತದೆ, ಆದರೆ ತಪಾಸಣೆಯ ದಿನ ಗಾಡಿ ಅಲ್ಲೇ ನಿಲ್ಲುತ್ತದೆ. ಪೆಟ್ರೋಲ್ ಬದಲು ಪೆಟ್ರೋಲೇ ಆದದ್ದರಿಂದ ಇಂಧನದ ತಕರಾರು ಬರಲಿಲ್ಲ. ಇನ್ಶೂರೆನ್ಸ್‌ನವರಿಗೂ ಪತ್ರ ಕೊಡಬೇಕು.

ಮೇ 4–6: ಬಿಚ್ಚುವುದು

ಬಾನೆಟ್, ರೇಡಿಯೇಟರ್, ಮುಂದಿನ ಗ್ರಿಲ್ ತೆಗೆದು, 2 ಟನ್ ಚೈನ್ ಬ್ಲಾಕ್‌ನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಒಟ್ಟಿಗೇ ಮೇಲೆತ್ತಿದ್ದು. ಗೇರ್‌ಬಾಕ್ಸ್ ಹಿಂದಕ್ಕೆ ಬಾಗಿದಾಗ ಆಯಿಲ್ ಸುರಿಯುತ್ತದೆ, ಅದಕ್ಕೆ ಮೊದಲೇ ಖಾಲಿ ಮಾಡಬೇಕು. ಎತ್ತುವ ಮುನ್ನ ಐದು ಅಳತೆ ಬರೆದಿಟ್ಟುಕೊಂಡೆವು: ಕ್ರಾಂಕ್ ಪುಲ್ಲಿಯ ನಡುವಿನಿಂದ ರೇಡಿಯೇಟರ್‌ಗೆ, ಅದೇ ನಡುವಿನಿಂದ ಎಡಬಲ ಚಾಸಿ ಪಟ್ಟಿಗೆ, ಚೇಂಬರ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ತಳದಿಂದ ಅಡ್ಡ ಪಟ್ಟಿಗೆ, ಗೇರ್‌ಬಾಕ್ಸ್ ಫ್ಲ್ಯಾಂಜ್‌ನಿಂದ ಹಿಂದಿನ ಹೌಸಿಂಗ್ (ಹಿಂದಿನ ಚಕ್ರಗಳ ಆಕ್ಸಲ್ ಇರುವ ಕವಚ) ಫ್ಲ್ಯಾಂಜ್‌ಗೆ, ಮತ್ತು ಎಂಜಿನ್ ಹಿಂದಕ್ಕೆ ಎಷ್ಟು ಡಿಗ್ರಿ ಇಳಿಜಾರಾಗಿದೆ ಎಂಬುದು. ಇವುಗಳಲ್ಲಿ ನಾಲ್ಕನೆಯದನ್ನು ತಪ್ಪಾಗಿ ಅಳೆದಿದ್ದೆವು. ಅದು ಗೊತ್ತಾದದ್ದು ಆರು ವಾರದ ಮೇಲೆ.

ಹಳೆಯ ಗಾಡಿಯ ನಟ್ಟು ಬೋಲ್ಟು ಎಲ್ಲ ಇಂಚಿನವು, ಇಸುಜುವಿನವು ಮಿಲಿಮೀಟರ್. ಎರಡಕ್ಕೂ ಬೇರೆ ಡಬ್ಬಿ ಇಡಿ. 3/8 ಇಂಚಿನ ತೂತಿಗೆ 10 ಮಿ.ಮೀ. ಬೋಲ್ಟ್ ಎರಡು ಸುತ್ತು ಹಿಡಿದಂತೆ ಮಾಡುತ್ತದೆ. ಮೂರನೇ ಸುತ್ತಿಗೆ ಥ್ರೆಡ್ ಹೋಗಿರುತ್ತದೆ. ಸೆಲ್ಫ್ ಮೋಟಾರಿನ ಹತ್ತಿರ ಒಂದು ಥ್ರೆಡ್ ಹೀಗೇ ಹಾಳಾಗಿ ಮತ್ತೆ ಟ್ಯಾಪ್ ಹೊಡೆಸಬೇಕಾಯಿತು.

ಮೇ 7–20: ಇಸುಜು ಎಂಜಿನ್ ಬಿಚ್ಚಿ ನೋಡಿದ್ದು

"ಓಡುತ್ತಿದ್ದ ಎಂಜಿನ್" ಎಂದು ಮಾರಿದ್ದನ್ನು ಹಾಗೆಯೇ ಕೂರಿಸಬಾರದು. ಬೋರ್ 84 ಮಿ.ಮೀ. ಇರಬೇಕಾದ ಕಡೆ ಮೇಲ್ಭಾಗದಲ್ಲಿ 84.06 ಬಂತು, ರಿಂಗ್ ಬದಲಿಸಿದರೆ ಸಾಕಾಗುವಷ್ಟು. ಮೇನ್ ಮತ್ತು ಕಾನ್‌ರಾಡ್ ಬೇರಿಂಗ್, ಟೈಮಿಂಗ್ ಚೈನ್, ಅದರ ಟೆನ್ಷನರ್, ಹಿಂದಿನ ಆಯಿಲ್ ಸೀಲ್, ವಾಟರ್ ಪಂಪ್ ಎಲ್ಲ ಹೊಸದು. ಹೆಡ್ ಅಲ್ಯೂಮಿನಿಯಂನದು. ಸ್ಟೀಲ್ ಪಟ್ಟಿ ಅಡ್ಡ ಇಟ್ಟು ಫೀಲರ್ ಗೇಜ್ ತೂರಿಸಿದರೆ ನಡುವೆ 0.12 ಮಿ.ಮೀ. ಹೋಯಿತು, ಹಾಗಾಗಿ ಫೇಸಿಂಗ್ ಹೊಡೆಸಿದ್ದು. ಎಂಜಿನ್ ತಣ್ಣಗಿದ್ದಾಗ ವಾಲ್ವ್ ಅಂತರ ಇನ್‌ಲೆಟ್ 0.15, ಎಕ್ಸಾಸ್ಟ್ 0.25 ಮಿ.ಮೀ. ಫೈರಿಂಗ್ ಕ್ರಮ ಎರಡೂ ಎಂಜಿನ್‌ಗೆ ಒಂದೇ, 1-3-4-2.

ಗುಜರಿಯಲ್ಲಿ ಕೊಳ್ಳುವಾಗ ಎಂಜಿನ್, ಗೇರ್‌ಬಾಕ್ಸ್ ಮಾತ್ರ ನೋಡಿ ಬರಬೇಡಿ. ಮೌಂಟಿಂಗ್ ಬ್ರಾಕೆಟ್, ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದ ಪೈಪು), ರೇಡಿಯೇಟರ್, ಅದರ ಫ್ಯಾನ್ ಕವರ್, ಆಕ್ಸಿಲರೇಟರ್ ಕೇಬಲ್, ಏರ್ ಕ್ಲೀನರ್ ಎಲ್ಲವನ್ನೂ ಅದೇ ಗಾಡಿಯಿಂದ ಬಿಚ್ಚಿಸಿಕೊಳ್ಳಿ. ಇಲ್ಲಿ ಶಾಫ್ಟ್, ರೇಡಿಯೇಟರ್, ಫ್ಯಾನ್ ಕವರ್ ಮೂರೂ ಬಂದಿರಲಿಲ್ಲ. ಮುಂದೆ ಬಂದ ದೊಡ್ಡ ತೊಂದರೆಗಳೂ ಮೂರೇ, ಅವೇ ಮೂರು ಜಾಗದಲ್ಲಿ.

ಮೇ 21–29: ಮೌಂಟಿಂಗ್

ಐ.ಎಸ್.ಝಡ್. ಬ್ರಾಕೆಟ್‌ಗಳು 1968ರ ಬಾಡಿಯ ತೂತಿಗೆ 18 ಮಿ.ಮೀ. ಹಿಂದೆ ಬಿದ್ದವು. 6 ಮಿ.ಮೀ. ಮೈಲ್ಡ್ ಸ್ಟೀಲ್ ತಗಡಿನಲ್ಲಿ ನಡುವೆ ಕೂರುವ ಎರಡು ಅಡಾಪ್ಟರ್ ಮಾಡಿಸಿ, ಹಳೆಯ ತೂತುಗಳಿಗೇ ಬೋಲ್ಟ್ ಮಾಡಿದ್ದು.

ಮೊದಲ ಜೋಡಿ ಹಾಳಾಯಿತು. ಎಂಜಿನ್ ಚೈನಿನಲ್ಲಿ ತೂಗುತ್ತಿರುವಾಗ ಅದರ ಜಾಗದಲ್ಲೇ ಪೂರ್ತಿ ವೆಲ್ಡ್ ಮಾಡಿದ್ದು ಕಾರಣ. ಕಾದ ತಗಡು ಆರುವಾಗ ಎಳೆದುಕೊಂಡು ಬಲಗಡೆ ತೂತು 3 ಮಿ.ಮೀ. ಸರಿಯಿತು, ರಬ್ಬರ್ ಮೌಂಟ್ ತಿರುಚಿಕೊಂಡು ಕೂತಿತು. ಎರಡನೇ ಸಲ ಜಾಗದಲ್ಲಿ ನಾಲ್ಕು ಟ್ಯಾಕ್ (ಚುಕ್ಕಿಯಷ್ಟು ವೆಲ್ಡ್) ಮಾತ್ರ ಹಾಕಿ, ಹೊರಗೆ ತೆಗೆದು, ದಪ್ಪ ತಗಡಿಗೆ ಬೋಲ್ಟ್ ಬಿಗಿದು, ಆಮೇಲೆ ಒಂದೊಂದು ಇಂಚು ಬಿಟ್ಟು ಬಿಟ್ಟು ವೆಲ್ಡ್ ಮಾಡಿದೆವು. ಸರಿಯಾಗಿ ಕೂತಿತು.

ಜಾಗ ಸಾಲುತ್ತದೆಯೇ ಎಂದು ನೋಡಲು ಜೇಡಿಮಣ್ಣು ಒಳ್ಳೆಯ ಉಪಾಯ. ಮಣ್ಣನ್ನು ನಿಂಬೆಹಣ್ಣಿನಷ್ಟು ಉಂಡೆ ಮಾಡಿ ಏರ್ ಕ್ಲೀನರ್ ಮೇಲೆ ಮೂರು ಕಡೆ ಇಟ್ಟು, ಬಾನೆಟ್ ಮೆಲ್ಲಗೆ ಮುಚ್ಚಿ ತೆಗೆದರೆ ಉಳಿದ ದಪ್ಪವೇ ನಿಜವಾದ ಅಂತರ. 9 ಮಿ.ಮೀ. ಉಳಿದಿತ್ತು. ಏರಿನಲ್ಲಿ ಎಳೆಯುವಾಗ ಎಂಜಿನ್ ರಬ್ಬರಿನ ಮೇಲೆ ವಾಲುತ್ತದೆ, ಅದಕ್ಕೆ 20 ಮಿ.ಮೀ. ಆದರೂ ಬೇಕು. ಪಕ್ಕಕ್ಕೆ ಬಾಗಿದ ಚಪ್ಪಟೆ ಏರ್ ಕ್ಲೀನರ್ ಹಾಕಿದ ಮೇಲೆ 27 ಸಿಕ್ಕಿತು. ಚೇಂಬರ್ ಮತ್ತು ಅಡ್ಡ ಪಟ್ಟಿ ನಡುವೆ 16 ಮಿ.ಮೀ. ಇದೆ, ತೊಂದರೆ ಬಂದಿಲ್ಲ.

ನಿಯಮ ಮುರಿದದ್ದು ಇಲ್ಲೇ. 5 ಗೇರಿನ ಬಾಕ್ಸಿನ ಲಿವರ್ ನೆಲದಿಂದ ಮೇಲೆ ಬರುತ್ತದೆ, ಮಾರ್ಕ್ 2ರ ನೆಲದಲ್ಲಿ ಅದಕ್ಕೆ ತೂತಿಲ್ಲ. ಟನಲ್ (ಗೇರ್‌ಬಾಕ್ಸ್ ಮೇಲೆ ಉಬ್ಬಿದ ನೆಲ) ತಗಡಿನಲ್ಲಿ 110 × 95 ಮಿ.ಮೀ. ಕತ್ತರಿಸಬೇಕಾಯಿತು. ಕತ್ತರಿಸಿದ ತುಂಡನ್ನು ಬಿಸಾಡದೆ ಬಣ್ಣ ಹೊಡೆದು, ಬೋಲ್ಟಿನಲ್ಲಿ ವಾಪಸ್ ಕೂರುವಂತೆ ಮಾಡಿ ಎತ್ತಿಟ್ಟಿದೆ. ಲಿವರ್ ಉದ್ದನೆಯ ಮುಂದಿನ ಸೀಟಿಗೆ 2ನೇ ಮತ್ತು 4ನೇ ಗೇರಿನಲ್ಲಿ ತಾಗುತ್ತಿತ್ತು. ಬುಡದಿಂದ 80 ಮಿ.ಮೀ. ಮೇಲೆ ಕಾಯಿಸಿ ಮುಂದಕ್ಕೆ ಬಗ್ಗಿಸಿದ್ದು.

ಜೂನ್ 1–5: ಕ್ಲಚ್

ಹೈಡ್ರಾಲಿಕ್ ಮಾಡಿಕೊಂಡೆವು: ಪೆಡಲ್ ಕಡೆ 5/8 ಇಂಚಿನ ಮಾಸ್ಟರ್ ಸಿಲಿಂಡರ್, ಕ್ಲಚ್ ಬಿಡಿಸುವ ಫೋರ್ಕನ್ನು ತಳ್ಳಲು ಕೈಗೆ ಸಿಕ್ಕ 1 ಇಂಚಿನ ಸ್ಲೇವ್ ಸಿಲಿಂಡರ್. ಪೆಡಲ್ ಪೂರ್ತಿ ಒತ್ತಿದರೂ ರಿವರ್ಸ್ ಹಾಕುವಾಗ ಕರಕರ. ಎರಡು ದಿನ ಗಾಳಿ ತೆಗೆಯುವುದರಲ್ಲೇ ಕಳೆಯಿತು, ಪೈಪಿನಲ್ಲಿ ಗಾಳಿ ಇರಲೇ ಇಲ್ಲ. ಲೆಕ್ಕ ಹಾಕಿದಾಗ ಕಾರಣ ಕಂಡಿತು. ಮಾಸ್ಟರ್ ಪಿಸ್ಟನ್ 30 ಮಿ.ಮೀ. ಚಲಿಸಿದರೆ 1 ಇಂಚಿನ ಸ್ಲೇವ್ ಚಲಿಸುವುದು 11.7 ಮಿ.ಮೀ. ಮಾತ್ರ. ಫೋರ್ಕಿಗೆ ಬೇಕಿದ್ದದ್ದು ಕನಿಷ್ಠ 14. ಸ್ಲೇವ್ 7/8 ಇಂಚಿನದು ಹಾಕಿದರೆ 15.3 ಸಿಗುತ್ತದೆ. ಹಾಕಿದೆವು, ಕರಕರ ನಿಂತಿತು, ಪೆಡಲ್ ಸ್ವಲ್ಪ ಬಿಗಿ ಆಯಿತು. ಬೋರ್‌ಗಳನ್ನು ಭಾಗಿಸಿ (ಮಾಸ್ಟರಿನದನ್ನು ಸ್ಲೇವಿನದರಿಂದ), ಬಂದದ್ದನ್ನು ಅದರಿಂದಲೇ ಗುಣಿಸಿ, ಮಾಸ್ಟರ್ ಚಲನೆಗೆ ಗುಣಿಸಿದರೆ ಉತ್ತರ ಸಿಗುತ್ತದೆ. ಸಿಲಿಂಡರ್ ಕೊಳ್ಳುವ ಮೊದಲು ಐದು ನಿಮಿಷದ ಕೆಲಸ.

ಜೂನ್ 6–10: ವೈರಿಂಗ್

ಈ ಕಾರಿನಲ್ಲಿ ಡೈನಮೋ ಇತ್ತು, ಬ್ಯಾಟರಿಯ ಪ್ಲಸ್ ಬಾಡಿಗೆ ಅರ್ತ್ ಆಗಿತ್ತು. ಇಸುಜುವಿನ ಆಲ್ಟರ್ನೇಟರ್‌ಗೆ ಮೈನಸ್ ಅರ್ತ್ ಬೇಕು. ತಿರುವು ಮುರುವು ಕೊಟ್ಟರೆ ಡಯೋಡ್ ಆ ಕ್ಷಣವೇ ಸುಟ್ಟುಹೋಗುತ್ತದೆ. ಬ್ಯಾಟರಿ ತಿರುಗಿಸಿ, ಕಾಯಿಲ್ ವೈರ್ ಅದಲುಬದಲು ಮಾಡಿ, ಹಳೆಯ ರೆಗ್ಯುಲೇಟರ್ ಡಬ್ಬಿಯನ್ನು ಜಾಗದಲ್ಲೇ ಬಿಟ್ಟು ಅದರ ವೈರ್‌ಗಳನ್ನು ಮಾತ್ರ ಕಳಚಿದ್ದು. 30 ಆಂಪಿಯರಿನ ಹಳೆಯ ಅಮ್ಮೀಟರ್ ಮೂಲಕ ಹೊಸ ಆಲ್ಟರ್ನೇಟರಿನ ಕರೆಂಟ್ ಹರಿಸಬಾರದು, ತಡೆಯುವುದಿಲ್ಲ. ನೇರವಾಗಿ ಬ್ಯಾಟರಿಗೆ 6 ಚದರ ಮಿ.ಮೀ. ವೈರ್ ಎಳೆದು, ಡ್ಯಾಶ್‌ಬೋರ್ಡಿನಲ್ಲಿ ಕಣ್ಣಿಗೆ ಕಾಣದ ಕಡೆ ಒಂದು ವೋಲ್ಟ್‌ಮೀಟರ್ ಇಟ್ಟಿದ್ದು.

ಜೂನ್ 10ರ ಸಂಜೆ ಮೊದಲ ಸ್ಟಾರ್ಟ್. ಕೀ ತಿರುಗಿಸಿದರೆ ಸೆಲ್ಫ್ ನಿಧಾನಕ್ಕೆ ಒಂದು ಸುತ್ತು ತಿರುಗಿ ನಿಂತಿತು, ಮತ್ತೆ ತಿರುಗಿಸಿದರೆ ಆಕ್ಸಿಲರೇಟರ್ ಕೇಬಲ್ಲಿನಿಂದ ಹೊಗೆ. ಎಂಜಿನ್‌ನಿಂದ ಬಾಡಿಗೆ ಹಾಕಬೇಕಾದ ಅರ್ತ್ ಪಟ್ಟಿ ಮರೆತಿದ್ದೆವು. ಎಂಜಿನ್ ಪೂರ್ತಿ ರಬ್ಬರಿನ ಮೇಲೆ ಕೂತಿರುವುದರಿಂದ ಸೆಲ್ಫ್ ಎಳೆಯುವ ಕರೆಂಟೆಲ್ಲ ಬಾಡಿಗೆ ಮರಳಲು ಉಳಿದಿದ್ದ ದಾರಿ ಆ ಕೇಬಲ್ ಒಂದೇ. ಒಳಗಿನ ತಂತಿ ಕವಚಕ್ಕೆ ಅಂಟಿಕೊಂಡಿತ್ತು. 650 ರೂಪಾಯಿಯ ಕೇಬಲ್ ಹೋಯಿತು. ಆದರೆ ಅಂಟಿಕೊಂಡ ಕೇಬಲ್ ಎಂಜಿನ್ ಹತ್ತಿಕೊಂಡ ಮೇಲೆ ಥ್ರಾಟಲ್ ತೆರೆದೇ ಹಿಡಿದಿದ್ದರೆ ಏನಾಗುತ್ತಿತ್ತು ಎಂಬುದನ್ನು ಯೋಚಿಸಬೇಕು. ಈಗ ಎರಡು ಪಟ್ಟಿ ಇವೆ: ಒಂದು ಬೆಲ್ ಹೌಸಿಂಗ್‌ನಿಂದ, ಇನ್ನೊಂದು ಮುಂದಿನ ಮೌಂಟಿನಿಂದ. ಎರಡೂ ಕಡೆ ಬಣ್ಣ ಕೆರೆದು ಹಾಕಿದ್ದು.

ಜೂನ್ 14–28: ಪ್ರೊಪೆಲ್ಲರ್ ಶಾಫ್ಟ್

ಅತಿ ಹೆಚ್ಚು ಸಮಯ ತಿಂದದ್ದು ಇದು. ಇಂಥ ಕೆಲಸದಲ್ಲಿ ಜನ ಅತಿ ಕಡಿಮೆ ಗಮನ ಕೊಡುವುದೂ ಇದಕ್ಕೇ.

ಹೊಸ ಗೇರ್‌ಬಾಕ್ಸ್ ಉದ್ದ ಹೆಚ್ಚು, ಶಾಫ್ಟ್ ಗಿಡ್ಡ ಮಾಡಿಸಬೇಕು. ಮೊದಲ ಶಾಫ್ಟ್ ಕೂರಿಸಿ ಖಾಲಿ ಗಾಡಿ ಓಡಿಸಿದಾಗ ಏನೂ ಗೊತ್ತಾಗಲಿಲ್ಲ. ಹಿಂದಿನ ಸೀಟಿನಲ್ಲಿ ಮೂವರು ಕೂತು ಕಡೂರು ರಸ್ತೆಯಲ್ಲಿ ಹೋದಾಗ 50 ದಾಟಿದೊಡನೆ ನೆಲ ನಡುಗಿತು. ಶಾಫ್ಟ್ ಬಿಚ್ಚಿ ನೋಡಿದರೆ ಸ್ಪ್ಲೈನ್ (ಒಂದರೊಳಗೊಂದು ಜಾರುವ ಉದ್ದ ಹಲ್ಲುಗಳು) ಮೇಲೆ ಹೊಳೆಯುವ ಗುರುತು ತುದಿಯ ಹತ್ತಿರ ಮಾತ್ರ, ಹೆಬ್ಬೆರಳಿನ ಅಗಲದಷ್ಟು. ಅಂದರೆ ಗಂಡು ಹೆಣ್ಣು ಹಲ್ಲುಗಳು ಅಷ್ಟೇ ಕಚ್ಚಿಕೊಂಡಿದ್ದವು, ಶಾಫ್ಟ್ ತುದಿಯಲ್ಲಿ ಆಡುತ್ತಿತ್ತು.

ಲೇತ್‌ನ ಹುಡುಗ ಕೇಳಿದ್ದು ಒಂದೇ ಪ್ರಶ್ನೆ: "ಅಣ್ಣ, ಗಾಡಿ ಎತ್ತಿ ಅಳೆದ್ರಾ, ಇಳಿಸಿ ಅಳೆದ್ರಾ?" ಎತ್ತಿ ಅಳೆದಿದ್ದೆವು. ಬಾಡಿಯ ಕೆಳಗೆ ಸ್ಟ್ಯಾಂಡ್ ಕೊಟ್ಟು ಎತ್ತಿದಾಗ ಹಿಂದಿನ ಹೌಸಿಂಗ್ ಕೆಳಗೆ ಜೋತು ಬೀಳುತ್ತದೆ, ಪಟ್ಟಿ ಸ್ಪ್ರಿಂಗ್ ಬಿಲ್ಲಿನಂತೆ ಬಾಗಿ ಹೌಸಿಂಗನ್ನು ಮುಂದಕ್ಕೆ ಎಳೆದುಕೊಳ್ಳುತ್ತದೆ. ಭಾರ ಬಿದ್ದಾಗ ಸ್ಪ್ರಿಂಗ್ ಚಪ್ಪಟೆಯಾಗಿ ಹೌಸಿಂಗ್ ಹಿಂದೆ ಸರಿಯುತ್ತದೆ. ಈ ಕಾರಿನಲ್ಲಿ ವ್ಯತ್ಯಾಸ 14 ಮಿ.ಮೀ. ಬಂತು. ಹೊಸ ಪೈಪ್ ಹಾಕಿಸಿ, ಬ್ಯಾಲೆನ್ಸ್ ಮಾಡಿಸಿ ಬೆಂಗಳೂರಿನಿಂದ ಬರಲು ಎಂಟು ದಿನ. ಸರಿಯಾದ ಕ್ರಮ ಇದು: ನಾಲ್ಕೂ ಚಕ್ರ ನೆಲದ ಮೇಲಿರಲಿ, ಹಿಂದೆ ಇಬ್ಬರ ತೂಕದ ಕಾಫಿ ಮೂಟೆ ಇರಲಿ, ಟ್ಯಾಂಕ್ ಅರ್ಧ ತುಂಬಿರಲಿ. ಆಗ ಸಿಕ್ಕ ಉದ್ದದಲ್ಲಿ ಸ್ಲಿಪ್ ಜಾಯಿಂಟ್ (ಆ ಹಲ್ಲುಗಳು ಜಾರುವ ಜಾಗ) ಪೂರ್ತಿ ಒಳಗೆ ಹೋದ ಜಾಗದಿಂದ 25 ಮಿ.ಮೀ. ಹೊರಗೆ ನಿಲ್ಲಬೇಕು, ಗುಂಡಿಯಲ್ಲಿ ಕುಸಿದಾಗ ಒಳಹೋಗಲು ಅಷ್ಟು ಜಾಗ.

ಎರಡನೇ ಶಾಫ್ಟ್ ಹಾಕಿದ ಮೇಲೆ 50ರ ನಡುಕ ಹೋಯಿತು, ಆದರೆ 60ರ ಹತ್ತಿರ ಒಂದು ಗುಂಯ್ ಸದ್ದು ಉಳಿಯಿತು. ಅದು ಕೋನದ ದೋಷ. ಗೇರ್‌ಬಾಕ್ಸ್ ಹಿಂದಕ್ಕೆ ಎಷ್ಟು ಇಳಿದಿದೆಯೋ ಹಿಂದಿನ ಪಿನಿಯನ್ (ಹೌಸಿಂಗಿನಲ್ಲಿ ಶಾಫ್ಟ್ ಬಂದು ಸೇರುವ ಹಲ್ಲಿನ ಚಕ್ರ) ಮೂತಿ ಅಷ್ಟೇ ಮೇಲೆ ನೋಡಬೇಕು, ಎರಡೂ ಒಂದಕ್ಕೊಂದು ಸಮಾಂತರ. ಆಗಲೇ ಶಾಫ್ಟಿನ ಎರಡು ತುದಿಯ ಕೀಲುಗಳಾದ ಕ್ರಾಸ್‌ಗಳ ಏರಿಳಿತ ಒಂದನ್ನೊಂದು ಸರಿದೂಗಿಸುತ್ತವೆ. ಕೋನ ಮಾಪಕ ಇಟ್ಟು ನೋಡಿದರೆ ಗೇರ್‌ಬಾಕ್ಸ್ 4.5 ಡಿಗ್ರಿ ಕೆಳಗೆ, ಪಿನಿಯನ್ 2 ಡಿಗ್ರಿ ಮೇಲೆ. ಗೇರ್‌ಬಾಕ್ಸ್ ಮೌಂಟ್ ಕೆಳಗೆ 12 ಮಿ.ಮೀ. ತಗಡು ಕೊಟ್ಟಾಗ ಅದು 3.7ಕ್ಕೆ ಬಂತು (ಮುಂದಿನ ಮೌಂಟಿನಿಂದ ಹಿಂದಿನದಕ್ಕೆ 860 ಮಿ.ಮೀ.). ಹೌಸಿಂಗ್ ಮತ್ತು ಪಟ್ಟಿ ಸ್ಪ್ರಿಂಗ್ ನಡುವೆ 1.5 ಡಿಗ್ರಿಯ ಬೆಣೆ ಕೊಟ್ಟದ್ದು, 130 ಮಿ.ಮೀ. ಉದ್ದದ ಬೆಣೆಗೆ ದಪ್ಪ ತುದಿ 3.4 ಮಿ.ಮೀ. ಪಿನಿಯನ್ 3.5ಕ್ಕೆ ನಿಂತಿತು. ಏರಿನಲ್ಲಿ ಎಳೆಯುವಾಗ ಪಿನಿಯನ್ ಮೂತಿ ತಾನಾಗಿ ಸ್ವಲ್ಪ ಮೇಲೇಳುವುದರಿಂದ ಕೂದಲೆಳೆ ಕಡಿಮೆ ಬಿಡುವುದೇ ಒಳ್ಳೆಯದು. ಈಗ 80ರವರೆಗೂ ಸದ್ದಿಲ್ಲ.

ಹಿಂದಿನ ಕ್ರೌನ್ ಪಿನಿಯನ್ ಬದಲಿಸಲಿಲ್ಲ. ಒಂದು ಚಕ್ರ ಮಾತ್ರ ಎತ್ತಿ, ಅದನ್ನು ಎರಡು ಪೂರ್ತಿ ಸುತ್ತು ತಿರುಗಿಸಿ ಶಾಫ್ಟ್ ಎಷ್ಟು ಸುತ್ತಿತು ಎಂದು ಎಣಿಸಿದರೆ ಅನುಪಾತ ಸಿಗುತ್ತದೆ. ನಾಲ್ಕೂವರೆಗಿಂತ ತುಸು ಹೆಚ್ಚು ಬಂತು, 41ಕ್ಕೆ 9 ಹಲ್ಲು. 15 ಇಂಚಿನ ಟೈರಿನಲ್ಲಿ 80 ಕಿ.ಮೀ. ವೇಗಕ್ಕೆ ನಾಲ್ಕನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2950 ಸುತ್ತು, ಐದರಲ್ಲಿ ಇನ್ನೂ ಕಡಿಮೆ. ಘಾಟಿಯ ಊರಿಗೆ ಇದು ಸರಿಯಾದ ಅನುಪಾತ.

ಬ್ರೇಕ್

ಮೊದಲ ಪರೀಕ್ಷೆಗೆ ಮುಂಚೆಯೇ ಮುಗಿಸಿದ್ದು. ನಾಲ್ಕೂ ಡ್ರಮ್ ಲೇತಿನಲ್ಲಿ ಒಂದು ಪದರ ತೆಗೆಸಿ, ಹೊಸ ಲೈನಿಂಗ್, ಹೊಸ ವೀಲ್ ಸಿಲಿಂಡರ್, ಹೊಸ ರಬ್ಬರ್ ಹೋಸ್. ಐವತ್ತರ ಎಂಜಿನ್‌ಗೆಂದು ಮಾಡಿದ ಡ್ರಮ್‌ಗೆ ಎಪ್ಪತ್ತೈದರ ಎಂಜಿನ್ ಕೊಟ್ಟಿದ್ದೇವೆ ಎಂಬುದನ್ನು ಓಡಿಸುವವರು ಮರೆಯಬಾರದು. ಇಳಿಜಾರಿನಲ್ಲಿ ಏರಿದ ಗೇರಿನಲ್ಲೇ ಇಳಿಯಬೇಕು. ಮುಂದೆ ಡಿಸ್ಕ್ ಹಾಕುವ ಆಲೋಚನೆ ಇದೆ, ಇನ್ನೂ ಮಾಡಿಲ್ಲ.

ಜುಲೈ 3: ಸುಳ್ಳು ಹೇಳಿದ ಪರೀಕ್ಷೆ

ಕೈಮರದಿಂದ ಸೀತಾಳಯ್ಯನಗಿರಿಗೆ ಹತ್ತಿಸಿದ್ದು. ಮಂಜು, ಜಿಟಿಜಿಟಿ ಮಳೆ, ಹೆಚ್ಚು ದೂರ ಎರಡನೇ ಗೇರು. ಟೆಂಪರೇಚರ್ ಮುಳ್ಳು ನಡುವಿನಿಂದ ಅಲ್ಲಾಡಲಿಲ್ಲ. ಹಳೆಯ ರೇಡಿಯೇಟರೇ ಸಾಕು ಎಂದು ಬರೆದಿಟ್ಟುಕೊಂಡೆವು.

ಆಗಸ್ಟ್ ಕೊನೆಗೆ ನಾಲ್ಕು ದಿನ ಬಿಸಿಲು ಬಿತ್ತು. ಅದೇ ರಸ್ತೆ, ಅದೇ ಗೇರು. ಅರ್ಧ ದಾರಿಯಲ್ಲಿ ರೇಡಿಯೇಟರ್ ಕುದಿದು ನೀರು ಹೊರಗೆ, ಮುಳ್ಳು ಮಾತ್ರ ಇನ್ನೂ ಮುಕ್ಕಾಲು ಭಾಗದಲ್ಲಿ. ಎರಡು ತಪ್ಪು ಒಂದರ ಮೇಲೊಂದು ಕೂತಿದ್ದವು. ಮಳೆಯಲ್ಲಿ ಮಾಡಿದ ಕೂಲಿಂಗ್ ಪರೀಕ್ಷೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು, ಅದು ಮೊದಲನೆಯದು. ಮಲೆನಾಡಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಕೆಲಸ ಮುಗಿಸಿದವರೆಲ್ಲ ಇದನ್ನು ನೆನಪಿಡಬೇಕು.

ಎರಡನೆಯದು ಮುಳ್ಳು. ಇಸುಜು ಸೆಂಡರ್ (ಎಂಜಿನ್ನಿನ ಬಿಸಿಯನ್ನು ಮೀಟರಿಗೆ ತಿಳಿಸುವ ಭಾಗ) ಬೇರೆ, ಹಳೆಯ ಮೀಟರ್ ಬೇರೆ, ಎರಡರ ರೆಸಿಸ್ಟೆನ್ಸ್ ಹೊಂದುವುದಿಲ್ಲ. ಸೆಂಡರ್ ಬಿಚ್ಚಿ, ವೈರ್ ಜೋಡಿಸಿಯೇ ಗ್ಯಾಸ್ ಒಲೆಯ ಮೇಲಿನ ಪಾತ್ರೆಯ ನೀರಿನಲ್ಲಿ ಅದರ ಮೂತಿ ಇಳಿಬಿಟ್ಟು, ಬಾಡಿಯಿಂದ ಒಂದು ಅರ್ತ್ ವೈರ್ ಕೊಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದು ನೋಡಿದ್ದು. ನೀರು ಕುದಿಯುವಾಗ ಥರ್ಮಾಮೀಟರ್ 96 ತೋರಿಸಿತು. ಥರ್ಮಾಮೀಟರ್ ಕೆಟ್ಟಿಲ್ಲ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ ಅಷ್ಟಕ್ಕೆ. ಅಷ್ಟು ಬಿಸಿಯಲ್ಲಿ ಮುಳ್ಳು ಅರ್ಧ ದಾಟಿ ಸ್ವಲ್ಪ ಮುಂದೆ ಮಾತ್ರ ಹೋಗಿತ್ತು. ಅಂದರೆ ಜುಲೈನಲ್ಲಿ ನಡುವೆ ನಿಂತ ಮುಳ್ಳನ್ನು ನಂಬಿದ್ದೇ ತಪ್ಪು. ಹಳೆಯ ಮೀಟರಿಗೆ ಹೊಂದುವ ಸೆಂಡರನ್ನು ಹಿತ್ತಾಳೆ ಅಡಾಪ್ಟರ್ ಮಾಡಿಸಿ ಹೆಡ್‌ಗೆ ಕೂರಿಸಿದೆವು. ಈಗ 96ಕ್ಕೆ ಮುಳ್ಳು ಕೆಂಪು ಗೆರೆಯ ಅಂಚಿಗೆ ಬರುತ್ತದೆ. ಅದೇ ಪಾತ್ರೆಯಲ್ಲಿ ಥರ್ಮೋಸ್ಟಾಟ್ ಕೂಡ ನೋಡಿದ್ದು. 82ಕ್ಕೆ ಬಾಯಿ ಬಿಟ್ಟಿತು, ಸರಿಯಿದೆ.

ಸೆಪ್ಟೆಂಬರ್ 2–12: ರೇಡಿಯೇಟರ್

ಮೊದಲ ಪ್ರಯತ್ನ ಅವಸರದ್ದು. ಹಳೆಯ ಕ್ಯಾಪ್ ತಡೆಯುತ್ತಿದ್ದ ಒತ್ತಡ ಚದರ ಸೆಂ.ಮೀ.ಗೆ 0.5 ಕಿಲೋ. 0.9 ಕಿಲೋ ಕ್ಯಾಪ್ ಹಾಕಿದರೆ ಕುದಿಯುವ ಬಿಂದು ಇನ್ನೂ ಮೇಲೇರುತ್ತದೆ ಎಂಬುದು ನಿಜ. ಆದರೆ ಹಳೆಯ ಬೆಸುಗೆ ಆ ಒತ್ತಡ ತಡೆಯಲಿಲ್ಲ, ಮೇಲಿನ ಟ್ಯಾಂಕಿನ ಅಂಚು ಒಂದು ಗೇಣು ಬಿಚ್ಚಿಕೊಂಡಿತು. 1,200 ಕೊಟ್ಟು ಬೆಸೆಸಿದ್ದು ನಾಲ್ಕನೇ ದಿನ ಮತ್ತೆ ಸೋರಿತು. ಕ್ಯಾಪ್ ಬದಲಿಸುವುದು ಕೊನೆಯ ಕೆಲಸ, ಮೊದಲನೆಯದಲ್ಲ.

ಆಮೇಲೆ ಹಳೆಯ ಮೇಲಿನ ಕೆಳಗಿನ ಟ್ಯಾಂಕುಗಳನ್ನೇ ಉಳಿಸಿಕೊಂಡು ನಡುವೆ ನಾಲ್ಕು ಸಾಲಿನ ಹಿತ್ತಾಳೆ ಕೋರ್ (ನೀರು ಹರಿಯುವ ಕೊಳವೆಗಳ ಭಾಗ) ಹಾಕಿಸಿ, ಅಂಚೆಲ್ಲ ಹೊಸದಾಗಿ ಬೆಸೆಸಿದ್ದು. ಹೊರಗಿನಿಂದ ನೋಡಿದರೆ ಹಳೆಯ ರೇಡಿಯೇಟರೇ. ಆದರೆ ದೊಡ್ಡ ಗುಣ ಬಂದದ್ದು ಕೋರ್‌ನಿಂದಲ್ಲ, ಫ್ಯಾನ್ ಕವರ್‌ನಿಂದ. ಫ್ಯಾನ್ ಕೋರ್‌ನಿಂದ 70 ಮಿ.ಮೀ. ಹಿಂದಿತ್ತು. ನಿಧಾನಕ್ಕೆ ಹತ್ತುವಾಗ ಅದು ಎಳೆಯುತ್ತಿದ್ದದ್ದು ಕೋರ್ ಮೂಲಕ ಬಂದ ಗಾಳಿಯನ್ನಲ್ಲ, ಪಕ್ಕದಿಂದ ಸುತ್ತಿ ಬರುವ ಎಂಜಿನ್ನಿನ ಬಿಸಿ ಗಾಳಿಯನ್ನೇ. ತೆಳು ತಗಡಿನಲ್ಲಿ ಕವರ್ ಮಾಡಿಸಿ, ಫ್ಯಾನ್ ರೆಕ್ಕೆಯ ಅರ್ಧ ಅಗಲ ಕವರ್ ಒಳಗೆ, ಅರ್ಧ ಹೊರಗೆ ನಿಲ್ಲುವಂತೆ, ಸುತ್ತ 20 ಮಿ.ಮೀ. ಬಿಟ್ಟು ಕೂರಿಸಿದ್ದು. ನೀರು ತುಂಬುವಾಗ ಗಾಡಿಯ ಮೂತಿ ಜಾಕ್‌ನಲ್ಲಿ ಎತ್ತಿ ತುಂಬಿದರೆ ಹೆಡ್‌ನಲ್ಲಿ ಗಾಳಿ ಸಿಕ್ಕಿಕೊಳ್ಳುವುದಿಲ್ಲ. ಸೆಪ್ಟೆಂಬರ್ 12ರ ಮಧ್ಯಾಹ್ನ, ಒಳ್ಳೆಯ ಬಿಸಿಲಿನಲ್ಲಿ, ನಾಲ್ವರನ್ನು ಕೂರಿಸಿಕೊಂಡು ಅದೇ ಏರು ಹತ್ತಿತು. ಮುಳ್ಳು 88ರ ಆಸುಪಾಸು, ಮೇಲೆ ನಿಲ್ಲಿಸಿದಾಗ 92.

ಪೆಟ್ರೋಲ್

ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆತದ್ದು. ಹಳೆಯ ರಬ್ಬರ್ ಪೈಪ್ ಊದಿಕೊಂಡು ಒಳಗೆ ಪುಡಿಯಾಗುತ್ತದೆ, ಟ್ಯಾಂಕಿನಲ್ಲಿ ಐವತ್ತು ವರ್ಷದಿಂದ ಕೂತ ಅಂಟು ಕರಗಿ ಬರುತ್ತದೆ. ಟ್ಯಾಂಕ್ ಇಳಿಸಿ ತೊಳೆದು, ಎಥನಾಲ್ ತಡೆಯುವ ಪೈಪ್ ಹಾಕಿದರೂ ಮೊದಲ 300 ಕಿ.ಮೀ.ಯಲ್ಲಿ ಎರಡು ಫಿಲ್ಟರ್ ತುಂಬಿಕೊಂಡವು. ಪ್ಲಗ್ ಬಿಚ್ಚಿದರೆ ಮೂತಿ ಬಿಳಿಚಿಕೊಂಡಿತ್ತು, ಮಿಶ್ರಣ ತೆಳು, ಅಂದರೆ ಗಾಳಿಗೆ ಪೆಟ್ರೋಲ್ ಸಾಲದು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಮೇನ್ ಜೆಟ್ ಒಂದು ಸೈಜು ದೊಡ್ಡದು ಹಾಕಿದ ಮೇಲೆ ಮೂತಿ ಬಿಸ್ಕತ್ತಿನ ಬಣ್ಣಕ್ಕೆ ಬಂತು.

ಖರ್ಚು

ಎಂಜಿನ್, ಗೇರ್‌ಬಾಕ್ಸ್ ಸೆಟ್ 42,000. ಸಾಗಣೆ 4,500. ಎಂಜಿನ್ ರಿಪೇರಿ ಸಾಮಾನು ಮತ್ತು ಹೆಡ್ ಕೆಲಸ 31,000. ಮೌಂಟಿಂಗ್ 6,800. ಶಾಫ್ಟ್ ಎರಡು ಸಲಕ್ಕೆ 9,800. ರೇಡಿಯೇಟರ್ ಮತ್ತು ಕವರ್ 10,700. ಕ್ಲಚ್ 8,900. ವೈರಿಂಗ್, ಆಲ್ಟರ್ನೇಟರ್ 7,400. ಸುಟ್ಟ ಕೇಬಲ್ 650. ಬ್ರೇಕ್ 11,200. ಸೈಲೆನ್ಸರ್ ಪೈಪ್ 4,800. ಕೂಲಿ 35,000. ಒಟ್ಟು 1,72,750 ರೂಪಾಯಿ. ಇದರಲ್ಲಿ ಎರಡನೇ ಸಲದ ಶಾಫ್ಟ್ 4,600, ವ್ಯರ್ಥ ಬೆಸುಗೆ 1,200, ಕೇಬಲ್ 650 ಸೇರಿ 6,450 ರೂಪಾಯಿ ತಪ್ಪಿನ ಬೆಲೆ. ಹಣಕ್ಕಿಂತ ದಿನ ಹೆಚ್ಚು ಹೋದವು, ಶಾಫ್ಟ್ ಒಂದಕ್ಕೇ ಎರಡು ವಾರ.

ಉಳಿದಿರುವುದು

ಸ್ಪೀಡೋಮೀಟರ್ 60 ತೋರಿಸುವಾಗ ಮೊಬೈಲಿನ ಜಿ.ಪಿ.ಎಸ್. 53 ಎನ್ನುತ್ತದೆ. ಗೇರ್‌ಬಾಕ್ಸಿನೊಳಗಿನ ಚಿಕ್ಕ ಪ್ಲಾಸ್ಟಿಕ್ ಹಲ್ಲಿನ ಚಕ್ರ ಬದಲಿಸಬೇಕು, ಸರಿಯಾದ ಹಲ್ಲಿನದು ಇನ್ನೂ ಸಿಕ್ಕಿಲ್ಲ. ಟೈಮಿಂಗ್ ಕವರ್ ಮೂಲೆಯಲ್ಲಿ ಆಯಿಲ್ ಬೆವರುತ್ತದೆ, ತೊಟ್ಟಿಕ್ಕುವಷ್ಟಿಲ್ಲ. ಆರ್.ಟಿ.ಒ. ತಪಾಸಣೆ ಆಗಿದೆ, ಹೊಸ ನಂಬರ್ ಏರಿದ ಆರ್.ಸಿ. ಬರಬೇಕಿದೆ.

ಹಳೆಯ ಬಿ.ಎಂ.ಸಿ. ಎಂಜಿನ್ ತೋಟದ ಗೋದಾಮಿನಲ್ಲಿದೆ. ನೀರೆಲ್ಲ ಬಸಿದು, ಪ್ರತಿ ಸಿಲಿಂಡರಿಗೂ 50 ಮಿಲಿ ಎಂಜಿನ್ ಆಯಿಲ್ ಹಾಕಿ, ಪ್ಲಗ್ ಬಿಗಿದು, ಇನ್‌ಲೆಟ್ ಮತ್ತು ಎಕ್ಸಾಸ್ಟ್ ಬಾಯಿಗೆ ತಗಡು ಮುಚ್ಚಿ, ನೆಲದ ತೇವ ತಾಗದಂತೆ ಮರದ ಚೌಕಟ್ಟಿನ ಮೇಲೆ ಗೋಣಿ ಹೊದಿಸಿ ಇಟ್ಟಿದ್ದು. ತೆಗೆದ ಬೋಲ್ಟ್‌ಗಳು, ಸ್ಟೀರಿಂಗ್ ಲಿವರಿನ ಕಡ್ಡಿಗಳು, ಹಳೆಯ ಶಾಫ್ಟ್ ಫ್ಲ್ಯಾಂಜ್, ಟನಲ್‌ನ ಕತ್ತರಿಸಿದ ತುಂಡು ಎಲ್ಲ ಅದರ ಪಕ್ಕದ ಪೆಟ್ಟಿಗೆಯಲ್ಲಿ, ಚೀಟಿ ಅಂಟಿಸಿ. ತಿಂಗಳಿಗೊಮ್ಮೆ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಅರ್ಧ ಸುತ್ತು ತಿರುಗಿಸಬೇಕು. ಸೆಪ್ಟೆಂಬರ್ 30ರಂದು ತಿರುಗಿಸಿದಾಗ ಹಗುರವಾಗಿಯೇ ತಿರುಗಿತು.